ಹೊಗೆ ತಪಾಸಣೆಯಲ್ಲಿ ನಮ್ಮ ಕಾರು ಫೇಲಾದ ವಾರ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಕಾರು ಫೇಲಾಯಿತು.

ಮೈಸೂರಿನ ಒಂದು ಪೆಟ್ರೋಲ್ ಬಂಕಿನ ಪಕ್ಕ ಸಣ್ಣ ತಗಡಿನ ಶೆಡ್ಡು. ಒಳಗೊಂದು ಕಂಪ್ಯೂಟರು, ಪಕ್ಕದಲ್ಲಿ ಟ್ರಂಕಿನಷ್ಟು ದೊಡ್ಡ ಯಂತ್ರ. ಅದರಿಂದ ಹೊರಟ ಉದ್ದನೆಯ ಪೈಪನ್ನು ಹುಡುಗನೊಬ್ಬ ನಮ್ಮ ಕಾರಿನ ಸೈಲೆನ್ಸರ್ ಒಳಗೆ ಸುಮಾರು ಒಂದಡಿ ತೂರಿಸಿದ. ಇಂಜಿನ್ ಸುಮ್ಮನೆ ಓಡುತ್ತಿರಲಿ ಎಂದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಂಕಿಗಳು ನಿಂತವು. ಕಾರ್ಬನ್ ಮೊನಾಕ್ಸೈಡ್ ಶೇ 3.8. ಹೈಡ್ರೊಕಾರ್ಬನ್ 1,740. ನಮ್ಮಂಥ ಹಳೇ ಪೆಟ್ರೋಲ್ ಕಾರಿಗೆ ಇರುವ ಮಿತಿ ಶೇ 3 ಮತ್ತು 1,500. ಎರಡರಲ್ಲೂ ಫೇಲು.

ಹುಡುಗ ನಮ್ಮ ಮುಖ ನೋಡಿದ. ನಾವು ಅವನ ಮುಖ ನೋಡಿದೆವು. ಅವನು ದನಿ ತಗ್ಗಿಸಿ, "ಸ್ವಲ್ಪ ಮೇಲೆ ನೋಡ್ಕೊಳ್ಳಿ ಸಾರ್, ಬೇರೆ ಗಾಡಿಗೆ ಪೈಪ್ ಇಟ್ಟು ಪಾಸ್ ಮಾಡ್ಕೊಡ್ತೀನಿ" ಅಂದ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದು ನಮಗೆ ಹೊಸದಲ್ಲ. ಹಿಂದೆ ಎರಡು ಸಲ ನಾವು ಹೀಗೇ ಮಾಡಿದ್ದೆವು. ಒಂದು ಸಲವಂತೂ ಪೈಪನ್ನು ಕಾರಿನ ಹತ್ತಿರಕ್ಕೂ ತರಲಿಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದರು, ಮೊಬೈಲಿಗೆ ಬಂದ ಒಟಿಪಿ ಹೇಳಿದೆವು, ಕಾಗದ ಕೈಗೆ ಬಂತು. ಟೀ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ನಮಗೆ ನಾವೇ ಹೇಳಿಕೊಂಡಿದ್ದೆವು. ಪತ್ರಿಕೋದ್ಯಮ ಓದಿದವರು, ಊರೂರು ಸುತ್ತಿ ಇಟ್ಟಿಗೆ ಗೂಡಿನ ಹೊಗೆ, ಕಬ್ಬಿನ ತರಗು ಸುಡುವ ಹೊಗೆ ಅಂತ ಬರೆದವರು ನಾವು. ನಮ್ಮದೇ ಕಾರಿನ ಹೊಗೆ ನಮಗೆ ಸುದ್ದಿಯಾಗಿ ಕಂಡಿರಲಿಲ್ಲ.

ಈ ಸಲವೂ ಕಾಸು ಕೊಟ್ಟು ಹೋಗುತ್ತಿದ್ದೆವೇನೋ. ತಡೆದದ್ದು ಹಿಂದಿನ ಸೀಟಿನಲ್ಲಿದ್ದ ನಮ್ಮ ಗೆಳತಿ. "ಬೇಡ. ಹಿಂದೆ ಕೂತ್ರೆ ತಲೆನೋವು ಬರತ್ತೆ ಅಂತ ಆರು ತಿಂಗಳಿಂದ ಹೇಳ್ತಿದ್ದೀನಿ. ಈಗ ಯಂತ್ರಾನೇ ಹೇಳ್ತಿದೆ, ಕೇಳಿ" ಅಂದಳು.

ಅವಳು ಹೇಳಿದ್ದು ನಿಜ. ನಾವು ಅದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದೆವು: ನಿನಗೆ ಬಸ್ಸೇ ಸರಿ, ಕಾರು ಒಗ್ಗಲ್ಲ.

ಕಾರಿನ ಕತೆ

ನಾವು ನಾಲ್ಕು ಜನ. ನಾಲ್ವರೂ ಮಾನಸಗಂಗೋತ್ರಿಯಲ್ಲಿ ಓದಿದವರು, ಮೈಸೂರಿನ ಸುತ್ತಲ ತಾಲ್ಲೂಕುಗಳ ಹಳ್ಳಿಗಳವರು. ಕಾರು 1999ರ ಮಾರುತಿ 800. ನಮ್ಮಲ್ಲೊಬ್ಬನ ದೊಡ್ಡಪ್ಪ ಮೇಷ್ಟ್ರಾಗಿದ್ದವರು, ಕಣ್ಣು ಮಂಜಾದ ಮೇಲೆ ಓಡಿಸುವುದು ಬಿಟ್ಟು, "ಮಾರಿದ್ರೆ ಗುಜರಿಯವನು ಕೊಡೋದು ಅಷ್ಟರಲ್ಲೇ ಇದೆ, ನೀವೇ ಇಟ್ಕೊಳ್ಳಿ" ಅಂತ ಕೊಟ್ಟರು. ಮೂರು ಸಿಲಿಂಡರು, 796 ಸಿಸಿ. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಇಂಜಿನ್ ಅಲ್ಲ, ಹಳೇ ಕಾರ್ಬೊರೇಟರ್ ಇಂಜಿನ್. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಕಾರು ಇದು. ನಿಮ್ಮ ಊರಲ್ಲೂ ಒಂದೆರಡು ಇದ್ದೇ ಇರುತ್ತವೆ. ಮದುವೆಗೆ, ಆಸ್ಪತ್ರೆಗೆ, ಸಂತೆಗೆ ಎಲ್ಲದಕ್ಕೂ ಅದೇ.

ನಾವೂ ಹಾಗೇ ಬಳಸುತ್ತೇವೆ. ಸುದ್ದಿಗೆ ಹೋದ ಊರಿನಿಂದ ಬರುವಾಗ ಸೀಟು ಖಾಲಿ ಇದ್ದರೆ ಮೈಸೂರಿಗೆ ಬರುವವರನ್ನು ಕೂರಿಸಿಕೊಂಡು ಬರುವುದು ಅಭ್ಯಾಸ. ಎಚ್.ಡಿ. ಕೋಟೆ ಕಡೆಯ ಒಬ್ಬರು ಅಜ್ಜಿಯನ್ನು ತಿಂಗಳಿಗೊಮ್ಮೆ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಬಂದು ಬಿಡುತ್ತೇವೆ. ಅವರಿಗೆ ಉಬ್ಬಸ. ಬಸ್ಸಿನಲ್ಲಿ ನಿಂತು ಬರಲು ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಅಡ್ಡಾಗಿ ಮಲಗಿಕೊಂಡು ಬರುತ್ತಾರೆ. ಆ ಶನಿವಾರ ನಾವು ತಪಾಸಣೆಗೆ ಹೋಗಿದ್ದೂ ಅದಕ್ಕೇ. ಮುಂದಿನ ಸೋಮವಾರ ಅಜ್ಜಿಯನ್ನು ಕರೆತರಬೇಕಿತ್ತು, ನಮ್ಮ ಎಮಿಷನ್ ಸರ್ಟಿಫಿಕೇಟಿನ ಅವಧಿ ಅದಕ್ಕೂ ಎರಡು ದಿನ ಮೊದಲೇ ಮುಗಿಯುತ್ತಿತ್ತು.

ಫೇಲಾದಾಗ ಏನು ಮಾಡಬೇಕು ಅಂತ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಗೆಳತಿ ಹುಡುಗನಿಗೆ, "ಫೇಲಾಗಿದೆ ಅಂತ ಒಂದು ಚೀಟಿ ಕೊಡಿ" ಅಂದಳು. ಅವನಿಗೆ ಆಶ್ಚರ್ಯ. ಪಾಸ್ ಚೀಟಿಗೆ ಜನ ಬರುತ್ತಾರೆ, ಫೇಲ್ ಚೀಟಿ ಯಾರು ಕೇಳುತ್ತಾರೆ? ಆದರೆ ನಿಯಮದಲ್ಲಿ ಅದು ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಮಾದರಿಯ ಸರ್ಟಿಫಿಕೇಟ್ ತಂದಾಗ, ಫೇಲಾದ ಗಾಡಿಗೆ ತಿರಸ್ಕಾರದ ಚೀಟಿ ಕೊಡಬೇಕು ಅಂತಲೂ ಸೇರಿಸಿತು. ಎಷ್ಟು ಅಂಕಿ ಬಂದು ಫೇಲಾಯಿತು ಅಂತ ಅದರಲ್ಲಿರುತ್ತದೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸಬಹುದು. ಡಾಕ್ಟರ ಹತ್ತಿರ ಹೋಗುವಾಗ ರಕ್ತ ಪರೀಕ್ಷೆಯ ಚೀಟಿ ತೆಗೆದುಕೊಂಡು ಹೋಗುತ್ತೀರಲ್ಲ, ಹಾಗೆ.

ಮೊದಲ ಗ್ಯಾರೇಜು, ಎರಡನೇ ಗ್ಯಾರೇಜು

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಗ್ಯಾರೇಜಿಗೆ. ಚೀಟಿಯನ್ನು ಯಾರೂ ಓದಲಿಲ್ಲ. ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, ಇಂಜಿನ್ ಬಿಚ್ಚಬೇಕು, ಹದಿನೆಂಟು ಸಾವಿರ ಆಗುತ್ತದೆ, ಅದರ ಬದಲು ಕಾರನ್ನೇ ಗುಜರಿಗೆ ಹಾಕಿ ಅಂದರು. ಹದಿನೆಂಟು ಸಾವಿರ ನಾಲ್ವರ ಹತ್ತಿರ ಸೇರಿಸಿದರೂ ಇರಲಿಲ್ಲ.

ಎರಡನೆಯದು ಮಂಡಿ ಮೊಹಲ್ಲಾ ಕಡೆಯ ಒಂದು ಗಲ್ಲಿಯಲ್ಲಿ, ಬೇವಿನ ಮರದ ಕೆಳಗೆ. ಬೋರ್ಡೂ ಇಲ್ಲ. ಅರವತ್ತು ದಾಟಿದ ಭಾಯ್ ಒಬ್ಬರು, ಜೊತೆಗೆ ಒಬ್ಬ ಹುಡುಗ. ಭಾಯ್ ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು. "ಒಳ್ಳೇದು ಮಾಡಿದ್ರಿ. ಎಲ್ಲರೂ ಪಾಸ್ ಕಾಗದ ತಂದು ಮೈಲೇಜ್ ಇಲ್ಲ ಅಂತಾರೆ. ಫೇಲ್ ಕಾಗದ ತಂದೋರು ನೀವೇ ಮೊದಲು" ಅಂದರು.

ನಾವು ಕೇಳಿದೆವು, ಈ ಎರಡು ಅಂಕಿ ಅಂದರೆ ಏನು?

ಅವರು ಹೇಳಿದ್ದನ್ನು ನಮಗೆ ತಿಳಿದಷ್ಟು ಬರೆಯುತ್ತೇವೆ. ಅಡುಗೆ ಮನೆಯ ಸೌದೆ ಒಲೆ ನೆನಪು ಮಾಡಿಕೊಳ್ಳಿ. ಒಲೆಯ ಬಾಯಿಗೆ ಸೌದೆ ಗಿಡಿದು ತುಂಬಿ ಗಾಳಿಗೆ ಜಾಗ ಬಿಡದಿದ್ದರೆ ಏನಾಗುತ್ತದೆ? ಉರಿ ಏಳುವುದಿಲ್ಲ, ಹೊಗೆ ಏಳುತ್ತದೆ, ಪಾತ್ರೆಯ ತಳ ಕರಿ ಹಿಡಿಯುತ್ತದೆ. ಅಮ್ಮ ಬಂದು ಎರಡು ಸೌದೆ ಹಿಂದಕ್ಕೆ ಎಳೆದು ಊದುಕೊಳವೆಯಲ್ಲಿ ಊದಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಇಂಜಿನ್ನೂ ಹಾಗೆಯೇ. ಒಂದು ಕಿಲೊ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಗಾಳಿ ಕಡಿಮೆಯಾದರೆ, ಇಲ್ಲವೇ ಪೆಟ್ರೋಲ್ ಹೆಚ್ಚಾದರೆ ಅರೆಬರೆ ಉರಿಯುತ್ತದೆ. ಅರೆಬರೆ ಉರಿದದ್ದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಗೆ ಬರುತ್ತದೆ. ಉರಿಯದೇ ಉಳಿದ ಪೆಟ್ರೋಲ್ ಹೈಡ್ರೊಕಾರ್ಬನ್ ಆಗಿ ಬರುತ್ತದೆ. ಎರಡೂ ಹೆಚ್ಚಿದ್ದರೆ ನಿಮ್ಮ ದುಡ್ಡು ಸೈಲೆನ್ಸರಿನಲ್ಲಿ ಹೋಗುತ್ತಿದೆ ಅಂತ ಅರ್ಥ.

"ಸ್ಕ್ರೂ ಒಂದಿದೆ. ತಿರುಗಿಸಿದ್ರೆ ಐದು ನಿಮಿಷದಲ್ಲಿ ಪಾಸ್ ಮಾಡಿಸ್ತೀನಿ. ನಾಳೆ ಇಂಜಿನ್ ಎಳೆಯಲ್ಲ ಅಂತ ನೀವೇ ಬಂದು ವಾಪಸ್ ತಿರುಗಿಸಿ ಅಂತೀರ. ಅದು ಬೇಕಾ, ರಿಪೇರಿ ಬೇಕಾ?" ಅಂದರು.

ರಿಪೇರಿ ಬೇಕು ಅಂದೆವು.

ಬಟ್ಟೆಯ ಪರೀಕ್ಷೆ

ಭಾಯ್ ಇಂಜಿನ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿದರು. ಒಂದು ದಪ್ಪ ಬಟ್ಟೆಯನ್ನು ಒದ್ದೆ ಮಾಡಿ, ಇಂಜಿನ್ ಓಡುತ್ತಿರುವಾಗ ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದರು. ಸೈಲೆನ್ಸರ್ ಗಟ್ಟಿಯಾಗಿದ್ದರೆ ಹೊಗೆಗೆ ಹೋಗಲು ದಾರಿ ಇರುವುದಿಲ್ಲ, ಬಟ್ಟೆಯನ್ನು ತಳ್ಳುತ್ತದೆ, ಇಂಜಿನ್ ಉಸಿರುಕಟ್ಟಿದಂತೆ ಆಗಿ ನಿಂತೇ ಹೋಗಬಹುದು. ನಮ್ಮ ಕಾರು ನಿಲ್ಲಲಿಲ್ಲ. ಬದಲಿಗೆ ಕೆಳಗಿನಿಂದ ಬುಸ್ ಬುಸ್ ಅಂತ ಸದ್ದು ಬಂತು.

ಭಾಯ್ ಹಿಂದಿನ ಸೀಟು ಕಿತ್ತು ಹೊರಗಿಟ್ಟರು. ಮ್ಯಾಟ್ ಎತ್ತಿದರು. ತಗಡು ತುಕ್ಕು ಹಿಡಿದು ಅಂಗೈಯಗಲದ ತೂತು. ಅದರ ನೇರ ಕೆಳಗೆ ಸೈಲೆನ್ಸರ್ ಪೈಪಿನಲ್ಲಿ ಇನ್ನೊಂದು ತೂತು. ಬಗ್ಗಿ ನೋಡಿದರೆ ಗಲ್ಲಿಯ ನೆಲ ಕಾಣುತ್ತಿತ್ತು.

ಯಾರೂ ಮಾತಾಡಲಿಲ್ಲ. ಆ ಸೀಟಿನ ಮೇಲೆಯೇ ನಮ್ಮ ಗೆಳತಿ ಕೂರುತ್ತಿದ್ದದ್ದು. ಆ ಸೀಟಿನ ಮೇಲೆಯೇ ಉಬ್ಬಸದ ಅಜ್ಜಿ, ಧೂಳು ಆಗಲ್ಲ ಅಂತ ಕಿಟಕಿ ಮುಚ್ಚಿಸಿಕೊಂಡು, ಮಲಗಿ ಬರುತ್ತಿದ್ದದ್ದು.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವುದು ಹಿಮೊಗ್ಲೋಬಿನ್. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಟವೆಲ್ ಹಾಕಿದ ಹಾಗೆ. ಆಮೇಲೆ ಬಂದ ಆಮ್ಲಜನಕಕ್ಕೆ ಜಾಗ ಇರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು, ಆಮೇಲೆ ಮಂಪರು. ಚಳಿಗೆ ಅಂತ ಕೋಣೆಯ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಅನ್ನುವ ಸುದ್ದಿ ನೀವೂ ಕೇಳಿರುತ್ತೀರಿ. ಅಲ್ಲಿ ಕೊಲ್ಲುವುದು ಇದೇ ಅನಿಲ.

ಗೆಳತಿಯ ತಲೆನೋವು ಇದರಿಂದಲೇ ಬಂದಿತ್ತು ಅಂತ ನಾವು ಸಾಬೀತು ಮಾಡಲಾರೆವು, ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಆದರೆ ಅವಳು ಆರು ತಿಂಗಳಿಂದ ಹೇಳುತ್ತಿದ್ದಳು. ನಾವು ಆರು ತಿಂಗಳಿಂದ ನಗುತ್ತಿದ್ದೆವು. ಮುಂದಿನ ಸೀಟಿನಲ್ಲಿ ಕಿಟಕಿ ತೆಗೆದುಕೊಂಡು ಕೂರುತ್ತಿದ್ದವರು ನಾವು. ಆ ಗಲ್ಲಿಯಲ್ಲಿ ನಿಂತು ಅವಳ ಕ್ಷಮೆ ಕೇಳಿದೆವು. ಅವಳು, "ನನ್ನ ಬಿಡಿ, ಅಜ್ಜಿಗೆ ಏನು ಹೇಳ್ತೀರ?" ಅಂದಳು.

ಭಾಯ್ ಖಡಾಖಂಡಿತವಾಗಿ ಹೇಳಿದರು, ಈ ತೂತು ಮುಚ್ಚುವವರೆಗೆ ಯಾರೂ ಹಿಂದೆ ಕೂರಬೇಡಿ, ಗಾಡಿ ಓಡಿಸುವವರೂ ಎಲ್ಲ ಕಿಟಕಿ ತೆಗೆದಿಡಿ.

ರಿಪೇರಿ ಮಾಡಿದರೆ ಅಂಕಿ ಏರಿತು

ಸೋಮವಾರ ಪೈಪಿನ ತೂತಿಗೆ ವೆಲ್ಡಿಂಗ್ ಆಯಿತು. ಇಂಜಿನ್‌ಗೆ ಪೈಪ್ ಸೇರುವಲ್ಲಿ ಹೊಸ ಗ್ಯಾಸ್ಕೆಟ್ ಬಿತ್ತು. ಪಕ್ಕದ ಗಲ್ಲಿಯ ಟಿಂಕರ್ ನೆಲದ ತುಕ್ಕು ಕತ್ತರಿಸಿ ಹೊಸ ತಗಡು ಕೂರಿಸಿದ. ಮಂಗಳವಾರ ಬೆಳಿಗ್ಗೆ ಇನ್ನೇನು ಪಾಸಾಯಿತು ಅಂದುಕೊಂಡು ಮತ್ತೆ ತಪಾಸಣೆಗೆ ಹೋದೆವು.

ಕಾರ್ಬನ್ ಮೊನಾಕ್ಸೈಡ್ ಶೇ 4.9. ಹೈಡ್ರೊಕಾರ್ಬನ್ 2,100.

ಕಡಿಮೆಯಾಗುವುದಿರಲಿ, ಏರಿತ್ತು. ಓಡಿಬಂದು ಭಾಯ್‌ಗೆ ಹೇಳಿದರೆ ಅವರು ನಕ್ಕರು. "ಏರಲೇಬೇಕು. ಮೊದಲು ತೂತಿನಿಂದ ಹೊರಗಿನ ಗಾಳಿ ಸೇರ್ಕೊಂಡು ಮೀಟರ್‌ಗೆ ನೀರು ಬೆರೆಸಿದ ಹಾಲು ಸಿಗ್ತಿತ್ತು. ಈಗ ಗಟ್ಟಿ ಹಾಲು ಸಿಕ್ಕಿದೆ. ಇದೇ ನಿಮ್ಮ ಇಂಜಿನ್ನಿನ ನಿಜವಾದ ಲೆಕ್ಕ."

ಈ ಮಾತು ನಮಗೆ ಆಮೇಲೂ ಕಾಡಿತು. ತೂತು ಇನ್ನೂ ಸ್ವಲ್ಪ ದೊಡ್ಡದಿದ್ದಿದ್ದರೆ ನಮ್ಮ ಕಾರು ಶೇ 3ರ ಒಳಗೆ ಬಂದು ಪಾಸಾಗಿಬಿಡುತ್ತಿತ್ತು. ಹೊಗೆಯನ್ನು ಹಿಂದಿನ ಸೀಟಿಗೆ ಬಿಟ್ಟು, ಯಂತ್ರಕ್ಕೆ ಒಳ್ಳೆಯ ಅಂಕಿ ಕೊಟ್ಟು ಪಾಸಾಗುತ್ತಿತ್ತು.

ಬುಧವಾರ ಇಂಜಿನ್ ಕೆಲಸ. ಮೊದಲು ಏರ್ ಫಿಲ್ಟರ್. ಬಿಚ್ಚಿ ನೆಲಕ್ಕೆ ಕುಟ್ಟಿದರೆ ಒಂದು ಬೊಗಸೆ ಮಣ್ಣು, ರಾಗಿ ಹೊಟ್ಟು, ಒಂದು ಕೋಳಿ ಪುಕ್ಕ. ನಾವು ಸುತ್ತಿದ ಊರುಗಳೆಲ್ಲ ಅದರೊಳಗಿದ್ದವು. ಇಂಜಿನ್ ಉಸಿರಾಡುತ್ತಿದ್ದದ್ದು ಅದರ ಮೂಲಕ.

ಆಮೇಲೆ ಚೋಕ್. ಹಳೇ 800ರಲ್ಲಿ ಚಳಿಗೆ ಸ್ಟಾರ್ಟ್ ಆಗದಿದ್ದರೆ ಎಳೆಯಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಒಳಕ್ಕೆ ತಳ್ಳಬೇಕು. ನಾವು ತಳ್ಳುತ್ತಿದ್ದೆವು, ಆದರೆ ಕೇಬಲ್ ತುಕ್ಕು ಹಿಡಿದು ಆ ಕಡೆಯ ಮುಚ್ಚಳ ಅರ್ಧಕ್ಕೇ ನಿಂತುಬಿಡುತ್ತಿತ್ತು. ಗುಂಡಿ ಒಳಗಿದೆ ಅಂತ ನಾವು ನೆಮ್ಮದಿಯಾಗಿದ್ದೆವು.

ಮೂರನೆಯದು ಕಾರ್ಬೊರೇಟರಿನ ಸೂಜಿ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ಇರುತ್ತದಲ್ಲ, ಟ್ಯಾಂಕ್ ತುಂಬಿದರೆ ಮೇಲೆದ್ದು ನೀರು ನಿಲ್ಲಿಸುವುದು, ಅದೇ ಥರದ ಏರ್ಪಾಡು ಇಲ್ಲಿಯೂ ಇದೆ. ಸೂಜಿ ಸವೆದು ಪೆಟ್ರೋಲ್ ನಿಲ್ಲದೆ ಹೆಚ್ಚಾಗಿ ಇಳಿಯುತ್ತಿತ್ತು. ಹೊಸ ಸೂಜಿ ಹಾಕಿ, ಕಾರ್ಬೊರೇಟರ್ ಪೂರ್ತಿ ಬಿಚ್ಚಿ ತೊಳೆದರು. ಪೆಟ್ರೋಲ್ ಬರುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ. ನಮ್ಮ ಕಬ್ಬು ಬೆಳೆಗಾರರಿಗೆ ಅದು ಗೊತ್ತೇ ಇದೆ. ಹಳೇ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ, ಆಗಾಗ ನೋಡಿಕೊಳ್ಳಿ ಅಂತ ಭಾಯ್ ಹೇಳಿ ಅದನ್ನೂ ಬದಲಾಯಿಸಿದರು. ಮೂರು ಪ್ಲಗ್ಗುಗಳನ್ನು ಬಿಚ್ಚಿದರೆ ಮೂರೂ ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗಿದ್ದವು. ಹೊಸದು ಹಾಕಿದರು.

ಗುರುವಾರ ತಪಾಸಣೆ: ಕಾರ್ಬನ್ ಮೊನಾಕ್ಸೈಡ್ ಶೇ 1.9. ಪಾಸು. ಹೈಡ್ರೊಕಾರ್ಬನ್ 1,620. ಫೇಲು.

ನೂರಿಪ್ಪತ್ತರಲ್ಲಿ ಹೋಯಿತು. ಶೆಡ್ಡಿನ ಹುಡುಗನಿಗೆ ಈಗ ನಮ್ಮ ಮೇಲೆ ಒಂಥರಾ ಅಕ್ಕರೆ ಬಂದಿತ್ತು. "ಇಷ್ಟಕ್ಕೆ ಯಾಕೆ ಸಾರ್ ಒದ್ದಾಡ್ತೀರ, ಕೊಟ್ಬಿಡ್ತೀನಿ" ಅಂದ. ಆ ಕ್ಷಣ ನಮಗೂ ಆಸೆಯಾಯಿತು. ಸೋಮವಾರ ಹತ್ತಿರ ಬರುತ್ತಿತ್ತು, ಜೇಬು ಖಾಲಿಯಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರು ಹತ್ತಿದೆವು.

ಭಾಯ್ ಅಂಕಿ ಕೇಳಿ, "ಮಿಶ್ರಣ ಸರಿಹೋಗಿದೆ. ಇದು ಕಿಡಿಯ ತೊಂದರೆ" ಅಂದರು. ಸಂಜೆ ಕತ್ತಲಾಗುವವರೆಗೆ ಕಾಯಿಸಿ, ಬಾನೆಟ್ ಎತ್ತಿ, ಇಂಜಿನ್ ಓಡಿಸಿ, "ನೋಡಿ" ಅಂದರು. ಪ್ಲಗ್ಗಿಗೆ ಹೋಗುವ ಒಂದು ವೈರಿನ ಮೈಮೇಲೆ ಮಿಂಚುಹುಳದ ಹಾಗೆ ನೀಲಿ ಕಿಡಿ ಆಗಾಗ ಹಾರುತ್ತಿತ್ತು. ಕಿಡಿ ಸಿಲಿಂಡರ್ ಒಳಗೆ ಹಾರುವ ಬದಲು ದಾರಿಯಲ್ಲೇ ಸೋರುತ್ತಿತ್ತು. ಹಾಗೆ ತಪ್ಪಿದ ಪ್ರತಿ ಸಲವೂ ಅಷ್ಟು ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತಿತ್ತು. ವೈರುಗಳನ್ನು ಬದಲಾಯಿಸಿದರು.

ಶುಕ್ರವಾರ ಬೆಳಿಗ್ಗೆ: ಶೇ 1.8 ಮತ್ತು 690. ಹುಡುಗ ಪೈಪ್ ಹೊರಗೆಳೆದು, "ಪಾಸ್ ಸಾರ್. ಒರಿಜಿನಲ್ ಪಾಸ್" ಅಂದ.

ಖರ್ಚಿನ ಲೆಕ್ಕ

ಹಳ್ಳಿಯ ಓದುಗರು ಮೊದಲು ಕೇಳುವುದು ಇದನ್ನೇ, ಅದಕ್ಕೆ ಬಿಡಿಸಿ ಬರೆಯುತ್ತೇವೆ. ಪೈಪಿನ ವೆಲ್ಡಿಂಗ್ 600, ಗ್ಯಾಸ್ಕೆಟ್ 150, ನೆಲದ ಟಿಂಕರಿಂಗ್ 1,200, ಏರ್ ಫಿಲ್ಟರ್ 250, ಪ್ಲಗ್ಗು ಮೂರಕ್ಕೆ 360, ಕಾರ್ಬೊರೇಟರ್ ಸೂಜಿ ಮತ್ತು ರಬ್ಬರ್ ಪೈಪು 700, ಚೋಕ್ ಕೇಬಲ್ 250, ಪ್ಲಗ್ ವೈರು 450, ಭಾಯ್ ಕೂಲಿ 1,000. ಒಟ್ಟು 4,960 ರೂಪಾಯಿ. ತಲಾ 1,240. ನಾಲ್ಕು ಸಲದ ತಪಾಸಣೆ ಶುಲ್ಕ ಬೇರೆ.

ಮೊದಲು ಲೀಟರಿಗೆ 11 ಕಿಲೊಮೀಟರ್ ಕೊಡುತ್ತಿದ್ದ ಕಾರು ಈಗ 15 ಕೊಡುತ್ತಿದೆ. ನಾವು ವಾರಕ್ಕೆ ಸುಮಾರು 200 ಕಿಲೊಮೀಟರ್ ಓಡಾಡುತ್ತೇವೆ. ಮೊದಲು 18 ಲೀಟರ್ ಬೇಕಿತ್ತು, ಈಗ 13 ಲೀಟರ್ ಚಿಲ್ಲರೆ ಸಾಕು. ಲೀಟರಿಗೆ ನೂರು ರೂಪಾಯಿ ಅಂತಿಟ್ಟುಕೊಂಡರೂ ಹತ್ತು ಹನ್ನೊಂದು ವಾರದಲ್ಲಿ ರಿಪೇರಿಯ ದುಡ್ಡು ವಾಪಸ್. ಹಿಂದೆ ಎರಡು ಸಲ ಕಾಸು ಕೊಟ್ಟು ಪಾಸ್ ಮಾಡಿಸಿಕೊಂಡಾಗ ಉಳಿಸಿದೆವು ಅಂದುಕೊಂಡಿದ್ದನ್ನು ಪೆಟ್ರೋಲ್ ಬಂಕಿನಲ್ಲಿ ಪ್ರತಿ ವಾರ ಕಟ್ಟುತ್ತಿದ್ದೆವು.

ನಿಮ್ಮ ಗಾಡಿಗೂ ಇರಲಿ

ನಮಗೆ ಈ ವಾರ ಗೊತ್ತಾದ ಕೆಲವು ಸಂಗತಿಗಳು:

ಬಿಎಸ್-4 ಬರುವ ಮೊದಲಿನ ಗಾಡಿಗಳಿಗೆ ಸರ್ಟಿಫಿಕೇಟ್ ಆರು ತಿಂಗಳಿಗೆ, ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ಒಂದು ವರ್ಷಕ್ಕೆ. ಹೊಸ ಗಾಡಿಗೆ ಮೊದಲ ಒಂದು ವರ್ಷ ಬೇಕಿಲ್ಲ. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ. 2019ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ಎಲ್ಲ ಗಾಡಿಗೂ ಒಂದೇ ಮಿತಿ ಇಲ್ಲ. ನಮ್ಮಂಥ ಹಳೇ ಪೆಟ್ರೋಲ್ ಕಾರಿಗೆ ಶೇ 3 ಇದ್ದರೆ, ಬಿಎಸ್-4 ಪೆಟ್ರೋಲ್ ಕಾರಿಗೆ ಶೇ 0.3. ಹತ್ತು ಪಟ್ಟು ಬಿಗಿ. ಅದಕ್ಕೇ ಹೊಸ ಗಾಡಿಯ ಪೈಪಿಗೆ ಯಂತ್ರ ಇಟ್ಟು ಹಳೇ ಗಾಡಿಗೆ ಕಾಗದ ಕೊಡುವುದು ಅಷ್ಟು ಸುಲಭ. ಡೀಸೆಲ್ ಗಾಡಿಗಳಲ್ಲಿ ಅಳೆಯುವುದೇ ಬೇರೆ, ಅಲ್ಲಿ ಹೊಗೆ ಎಷ್ಟು ದಟ್ಟವಾಗಿದೆ ಅಂತ ನೋಡುತ್ತಾರೆ.

ಊರ ಹತ್ತಿರದ ಕೂಡು ರಸ್ತೆಯಲ್ಲಿ ಓಮ್ನಿ ವ್ಯಾನಿನೊಳಗೆ ಯಂತ್ರ ಇಟ್ಟುಕೊಂಡು ತಪಾಸಣೆ ಮಾಡುವವರನ್ನು ನೀವು ನೋಡಿರುತ್ತೀರಿ. ಅವರ ಹತ್ತಿರ ಹೋದಾಗ ಪೈಪ್ ನಿಮ್ಮ ಗಾಡಿಗೇ ಇಡಿಸಿ. ಇಂಜಿನ್ ಬಿಸಿಯಾದ ಮೇಲೆ ಇಡಿಸಿ. ಅಂಕಿ ಓದಿ. ಹೋದ ಸಲದ ಕಾಗದ ಜೋಪಾನ ಮಾಡಿ, ಈ ಸಲದ್ದರ ಜೊತೆ ಹೋಲಿಸಿ. ಪಾಸಾಗಿದ್ದರೂ ಅಂಕಿ ಏರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದೆ ಕೂತವರು ತಲೆನೋವು, ವಾಂತಿ ಬಂದ ಹಾಗಾಗುತ್ತದೆ, ನಿದ್ದೆ ಎಳೆಯುತ್ತದೆ ಅಂದರೆ ತಮಾಷೆ ಮಾಡಬೇಡಿ. ಗಾಡಿ ನಿಲ್ಲಿಸಿ, ಕಿಟಕಿ ಬಾಗಿಲು ತೆಗೆದು ಕೆಳಗಿಳಿಸಿ. ಆಮೇಲೆ ಮ್ಯಾಟ್ ಎತ್ತಿ ನೋಡಿ. ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುವ ಹಳೇ ವ್ಯಾನುಗಳವರಂತೂ ಖಂಡಿತ ನೋಡಿ.

ದೇಶದ ಗಾಳಿ ಶುದ್ಧ ಮಾಡಲು 2019ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರ ಪಟ್ಟಿಯಲ್ಲಿವೆ. ಮೈಸೂರು ಇಲ್ಲ. ಮೈಸೂರಿನ ಗಾಳಿ ಚೆನ್ನಾಗಿದೆ ಅಂತ ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಊರಿನ ಗಾಳಿ ಎಷ್ಟೇ ಚೆನ್ನಾಗಿರಲಿ, ಮುಚ್ಚಿದ ಕಾರಿನ ಹಿಂದಿನ ಸೀಟಿನ ಗಾಳಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಸೋಮವಾರ

ಸೋಮವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಅಜ್ಜಿ ಜಗುಲಿ ಮೇಲೆ ಬ್ಯಾಗು, ಆಸ್ಪತ್ರೆಯ ಚೀಟಿಗಳ ಕವರು ಇಟ್ಟುಕೊಂಡು ಕೂತಿದ್ದರು. ಎಂದಿನಂತೆ ಹಿಂದಿನ ಸೀಟಿನಲ್ಲಿ ಒರಗಿದರು. ಗೆಳತಿ ಪಕ್ಕದಲ್ಲಿ ಕೂತಳು. ಹಂಪಾಪುರ ದಾಟಿದ ಮೇಲೆ ಅಜ್ಜಿ ಎದ್ದು ಕೂತರು. ಸಾಮಾನ್ಯವಾಗಿ ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

"ಇವತ್ತು ನಿಮ್ಮ ಕಾರು ನಾತ ಬತ್ತಿಲ್ಲ ಕಣ್ರಪ್ಪ" ಅಂದರು.

ನಾವು ಬೆಚ್ಚಿದೆವು. ಮೊದಲು ಬರುತ್ತಿತ್ತಾ ಅಜ್ಜಿ?

"ಬತ್ತಿತ್ತು. ಪೆಟ್ರೋಲ್ ನಾತ, ಸುಟ್ಟ ನಾತ. ತಲೆ ದಿಮ್ಮ್ ಅಂತಿತ್ತು. ಊರ್ಗೋದ್ ಮೇಕೆ ಒಂದಿನ ಮನೀಕತಿದ್ದೆ."

ಮತ್ತೆ ನಮಗೆ ಯಾಕೆ ಹೇಳಲಿಲ್ಲ?

ಅಜ್ಜಿ ನಕ್ಕರು. "ಬಿಟ್ಟಿ ಕರ್ಕೊಂಡೋಗೋರ ಕಾರಲ್ಲಿ ಕೂತ್ಕಂಡು ನಾತ ಬತ್ತದೆ ಅಂದ್ರೆ ನೀವು ಬೇಜಾರ್ ಮಾಡ್ಕತಿರಲ್ವ? ನಾಳಿಕೆ ಕರ್ಕೊಂಡೋಗ್ದೇ ಓದ್ರೆ?"

ಊರೂರು ತಿರುಗಿ ಜನರನ್ನು ಪ್ರಶ್ನೆ ಕೇಳುವುದು ನಮ್ಮ ಕೆಲಸ. ನೀರು ಬರುತ್ತಾ, ರೇಷನ್ ಸಿಗುತ್ತಾ, ಪಿಂಚಣಿ ಬಂತಾ ಅಂತ ಕೇಳುತ್ತೇವೆ. ಎಲ್ಲ ಚೆನ್ನಾಗಿದೆ ಅಂತ ಯಾರಾದರೂ ಅಂದರೆ, ಇವರು ಹೆದರಿ ಹಾಗೆ ಹೇಳುತ್ತಿದ್ದಾರೆ ಅಂತ ನಮಗೆ ಥಟ್ಟನೆ ಹೊಳೆಯುತ್ತದೆ. ನಮ್ಮ ಸ್ವಂತ ಕಾರಿನಲ್ಲಿ ಒಬ್ಬರು ಹಾಗೇ ಸುಮ್ಮನಿದ್ದದ್ದು ಹೊಳೆದಿರಲಿಲ್ಲ. ಇನ್ನೊಬ್ಬಳು ಹೇಳಿದ್ದೂ ಕೇಳಿಸಿರಲಿಲ್ಲ.

ಅಜ್ಜಿಗೆ ನೆಲದ ತೂತಿನ ವಿಷಯ ಹೇಳಿದೆವು. ಪೂರ್ತಿ ಹೇಳಿದೆವು. ತಪ್ಪಾಯಿತು ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಮುಚ್ಸಿದ್ದೀರಲ್ಲ, ಬುಡಿ" ಅಂದರು. ಆಸ್ಪತ್ರೆಯಲ್ಲಿ ನಾವು ಡಾಕ್ಟರಿಗೂ ವಿಷಯ ತಿಳಿಸಿದೆವು. ಅವರು ಬರೆದುಕೊಂಡರು.

ಈಗ ಆರು ತಿಂಗಳಿಗೊಮ್ಮೆ ಬರುವ ತಪಾಸಣೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಹಿಂದಿನ ಸೀಟಿನಲ್ಲಿ ಸರದಿಯ ಮೇಲೆ ಕೂರುತ್ತೇವೆ. ಯಾರೇ ಹತ್ತಲಿ, ಊರು ಮುಟ್ಟುವಷ್ಟರಲ್ಲಿ ಒಂದು ಸಲ ತಿರುಗಿ, "ಹಿಂದೆ ಸರಿಯಾಗಿದೆಯಾ? ನಾತ ಏನಾದ್ರೂ ಬರ್ತಿದೆಯಾ?" ಅಂತ ಕೇಳುತ್ತೇವೆ. ಸರಿಯಾಗಿದೆ ಅಂದರೆ ಇನ್ನೊಂದು ಸಲ ಕೇಳುತ್ತೇವೆ.